ಹದಿನೈದು ಮಾರು

ಮಾರಿಕಣಿವೆಯ ನಡುನೀರಲ್ಲಿ ಸಂಜೆ ಏಳಕ್ಕೆ
ಮೋಟಾರು ನಿಂತಿತು. ನಿಲ್ಲಿಸಿದ್ದಲ್ಲ, ನಿಂತಿತು.
ಆಷಾಢದ ಗಾಳಿ ಪಡುವಲಿಂದ
ನೀರನ್ನು ಉಳುತ್ತ ಬರುತ್ತಿತ್ತು. ಹಿಂದೆ ಬಂಡೆಯ ದಡ.
ದೋಣಿಯಲ್ಲಿ ಎರಡು ಬುಟ್ಟಿ ಕಾಟ್ಲಾ, ಒದ್ದೆ ಬಲೆ,
ಪಾಲಯ್ಯ ಮಾವ, ನಾನು,
ಮತ್ತು ಆ ಲಂಗರು.

ಮಲ್ಪೆಯ ಬೋಟಿನಲ್ಲಿ ಮೂರು ವರ್ಷ ದುಡಿದು
ಮಾವ ಊರಿಗೆ ತಂದದ್ದು ಅದೊಂದೇ:
ಎರಡು ಕೊಕ್ಕೆಯ, ಹನ್ನೊಂದು ಕೇಜಿಯ ತುಕ್ಕು ಕಬ್ಬಿಣ.
ಹಿರಿಯೂರು ಬಸ್ಸಿನ ಕಂಡಕ್ಟರು
ಅದಕ್ಕೂ ಅರ್ಧ ಟಿಕೆಟ್ಟು ಹರಿದನಂತೆ.
ಹೋಟೆಲಿನ ಮುಂದೆ ಕೂತವರು ಕೇಳಿದರು,
'ಏನ್ ಪಾಲಯ್ಯ, ಸಮುದ್ರನ ಎಲ್ಲಿ ಇಳಿಸಿ ಬಂದೆ?'
ಹಾಲಿನ ಕ್ಯಾನಿಗೆ ಅದನ್ನು ಒರಗಿಸಿ ಅವನು ಚಾ ಕುಡಿದ.
ಆಮೇಲೆ ಐದು ವರ್ಷ
ಅದಕ್ಕೆ ಎಮ್ಮೆ ಕಟ್ಟಿದೆವು.

ಈ ಸಲ ನೀರು ಏರಿತ್ತು.
ಪಂಪ್‌ಹೌಸಿಲ್ಲ, ಒಂಟಿ ಹುಣಸೆಯಿಲ್ಲ,
ಬಟ್ಟೆ ಒಗೆಯುತ್ತಿದ್ದ ಹಾಸುಗಲ್ಲಿಲ್ಲ.
ಕಾಲಿಗೆ ಗೊತ್ತಿದ್ದ ನೆಲ
ಹುಟ್ಟಿಗೆ ಗೊತ್ತಿರಲಿಲ್ಲ.

'ದಡ ನೋಡಬ್ಯಾಡ, ದೀಪ ನೋಡು.'
ಗುಡ್ಡದ ಸಾಲಿನುದ್ದಕ್ಕೂ ಗಾಳಿಯಂತ್ರಗಳ ಕೆಂಪು ದೀಪ
ಒಮ್ಮೆಗೇ ಹತ್ತಿ ಒಮ್ಮೆಗೇ ಆರುತ್ತಿದ್ದವು.
'ಎಡಗಡೆಯಿಂದ ನಾಲ್ಕನೇದು, ಗುಡ್ಡದ ಹೆಗಲಿಗೆ ಬಂತಾ?'
ಬಂತು.
'ಗುಡಿ ಟ್ಯೂಬ್‌ಲೈಟು ಬೇವಿನ ಹಿಂದಕ್ಕೆ ಹೋಯ್ತಾ?'
ಇಲ್ಲ. ಇನ್ನೂ ಇಲ್ಲ. ಹೋಯಿತು.
ಕಾಣದ ಎರಡು ಗೆರೆ ಕೂಡುವಲ್ಲಿ ನಾವಿದ್ದೆವು,
ಅಂಗಳವೇ ಇಲ್ಲದ ರಂಗೋಲಿಗೆ
ಮೊದಲ ಚುಕ್ಕಿ ಇಟ್ಟ ಹಾಗೆ.

ಅರ್ಧ ಕೇಜಿಯ ತೂಕದ ಕಲ್ಲಿಗೆ ನೂಲು ಕಟ್ಟಿ ಇಳಿಬಿಟ್ಟೆ.
ಒಂದು ಮಾರು. ಎರಡು. ಮೂರು.
ನೂಲು ಸಡಿಲಾಯಿತು.
ಕಲ್ಲಿನ ತಳಕ್ಕೆ ಮೆತ್ತಿದ್ದ ಬಟ್ಟೆಸೋಪಿಗೆ
ಮಣ್ಣು ಅಂಟಿ ಬಂತು. ಮಾವ ಮೂಸಿದ.
'ಎರೆ. ಹಿಡೀತೈತೆ.'

'ಮೂತಿ ಗಾಳಿಗೆ ಕೊಡು.'
ಹುಟ್ಟು ಹಾಕಿದೆ, ತೋಳು ಉರಿಯಿತು.
ಮುಂದೆ ಹೋಗಲೋ ಹಿಂದೆ ಹೋಗಲೋ ಎಂದು
ದೋಣಿ ಅನುಮಾನಿಸಿದ ಆ ಒಂದು ಗಳಿಗೆಗೆ ಕಾದು,
'ಈಗ. ಎಸೀಬ್ಯಾಡ ಕಣಲೇ, ಇಳಿಸು.
ನಿದ್ದೆಹತ್ತಿದ ಕೂಸನ್ನ ಮಲಗಿಸೋ ಹಂಗೆ.'

'ಮೂರು ಮಾರು ಆಳಕ್ಕೆ ಎಷ್ಟು ಹಗ್ಗ?'
'ನಾಲ್ಕು?'
ಕತ್ತಲಲ್ಲೂ ಕಾಣುವಷ್ಟು ಜೋರಾಗಿ ತಲೆಯಾಡಿಸಿದ.
'ಹದಿನೈದು. ಬಿಗಿ ಹಿಡಿದ್ರೆ ಕಿತ್ತು ಬರ್ತೈತೆ.
ಅದು ನೆಲದ ಮ್ಯಾಲೆ ಮಲಗಿ ಎಳೀಬೇಕು.'
ಬೆರಳ ಸಂದಿಯಿಂದ ಸರಿಯಿತು ನೈಲಾನು,
ಅದಕ್ಕೆ ಗಂಟುಹಾಕಿದ ಸೆಣಬು,
ಕೊನೆಗೆ, ಇನ್ನೂ ಸಗಣಿಯ ವಾಸನೆಯಿದ್ದ
ಎಮ್ಮೆಯ ಹಗ್ಗ.

ಹಗ್ಗದ ಮೇಲೆ ಅಂಗೈಯಿಟ್ಟು ಕೂತೆ.
ತಳದ ಸುದ್ದಿಯೆಲ್ಲ ಬೆರಳಿಗೆ ಬರುತ್ತಿತ್ತು:
ಗರಗರ ಜಾರಿತು, ತಡೆಯಿತು, ಬಿಟ್ಟಿತು.
ನಾಲ್ಕನೇ ದೀಪ ಗುಡ್ಡದ ಹೆಗಲು ಬಿಟ್ಟು ಸರಿಯಿತು.
ಮಾವ ಬೀಡಿ ಹಚ್ಚಲಿಲ್ಲ.
ಆಮೇಲೆ ಎಲ್ಲೋ ಕೆಳಗೆ
ಯಾರೋ ಗಟ್ಟಿಯಾಗಿ ಕೈ ಹಿಡಿದರು.
ಗೂಟಕ್ಕೆ ಬಂದ ಎಮ್ಮೆಯ ಹಾಗೆ ದೋಣಿ
ಕತ್ತು ತಿರುಗಿಸಿ ಗಾಳಿಗೆ ಮುಖವಿಟ್ಟು ನಿಂತಿತು.

ರೊಟ್ಟಿ ಬಿಚ್ಚಿದೆವು. ಚಟ್ನಿಪುಡಿ ಅರ್ಧ ಗಾಳಿಪಾಲು.
'ಮಲ್ಪೇಲೂ ರಾತ್ರಿ ಹಿಂಗೇನಾ ಮಾವ?'
'ಅಲ್ಲಿ ನೀರು ಉಸಿರಾಡ್ತೈತೆ. ಇಲ್ಲಿ...'
ಮುಗಿಸಲಿಲ್ಲ. ಹಗ್ಗದ ತುದಿಯನ್ನು
ಕಾಲ್ಬೆರಳಿಗೆ ಸುತ್ತಿಕೊಂಡು ನಿದ್ದೆಹೋದ.

ಬೆಳಗ್ಗೆ ಗಾಳಿ ಬಿದ್ದಿತ್ತು.
ಲಂಗರಿನ ನೆತ್ತಿಯ ಮೇಲೆ ದೋಣಿ ತಂದು ಎಳೆದೆ.
ಬಂತು, ಒಂದು ಬುಟ್ಟಿ ಎರೆಮಣ್ಣಿನೊಂದಿಗೆ,
ಜೊತೆಗೆ ಕೊಕ್ಕೆಗೆ ಸುತ್ತಿಕೊಂಡು
ಎಂಟು ಮಾರು ಕಪ್ಪು ಪೈಪು,
ಅಡಿಗೊಂದು ತೂತು, ತುದಿಯಲ್ಲಿ ಹಸಿರು ವೈರಿನ ಗಂಟು.
ಗಂಟು ನನ್ನದೇ.
ನೀರು ಹಿಂದೆ ಸರಿದಿದ್ದ ವರ್ಷ
ಸೌತೆಬಳ್ಳಿಗೆಂದು ಹಾಸಿ ಮರೆತದ್ದು.

ಮಾವ ಏನೂ ಅನ್ನಲಿಲ್ಲ. ಪೈಪು ಬಿಡಿಸಿ
ಸುರುಳಿ ಸುತ್ತಿ ನನ್ನ ಕೈಗಿಟ್ಟ.
'ಒಣಗಿಸು. ಕೆಲಸಕ್ಕೆ ಬರ್ತೈತೆ.'
ದಡದ ಕಡೆ ಹುಟ್ಟು ಹಾಕಿದ.
ಒಂದೊಂದು ತೂತಿನಿಂದಲೂ ಕೆರೆ
ಹನಿ ಹನಿಯಾಗಿ
ಕೆರೆಗೆ ಬೀಳುತ್ತಿತ್ತು.